‘ಚೆಕಪ್ ಆಗಿದೆ’ ಅಂತಾರೆ ಪಕ್ಕದ ಮನೆ ಆಯಿ. ಯಾವ ಚೆಕಪ್?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಾನು ಧಾರವಾಡದವಳು. ಒಂಬತ್ತು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಪಕ್ಕದ ಮನೆಯಲ್ಲಿ ಚೀನಾದ ಗ್ವಾಂಗ್‌ಝೌದಿಂದ ಬಂದ ಒಬ್ಬರಿದ್ದಾರೆ. ವಯಸ್ಸು 61. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮಗಳ ಮನೆಗೆ ಬಂದವರು ಇಲ್ಲೇ ಉಳಿದರು. ಚೈನೀಸ್‌ನಲ್ಲಿ ತಾಯಿ ವಯಸ್ಸಿನ ಹೆಂಗಸರನ್ನು ‘ಆಯಿ’ ಅಂತ ಕರೆಯುತ್ತಾರಂತೆ. ನಮ್ಮ ಕಡೆ ಆಯಿ ಅಂದರೆ ಅಜ್ಜಿ. ಹಾಗಾಗಿ ನನಗೂ ಅವರು ಆಯಿಯೇ. ದಿನಾ ಸಂಜೆ ಜೊತೆಗೆ ವಾಕಿಂಗ್, ಮಾತೆಲ್ಲ ಫೋನಿನ ಅನುವಾದದ ಆ್ಯಪ್‌ನಲ್ಲಿ. ಅವರ ಡ್ಯಾನ್ಸ್ ಗುಂಪಿನ ಗೆಳತಿಯೊಬ್ಬರಿಗೆ ಹೋದ ತಿಂಗಳು ಗರ್ಭಕಂಠದ ಕ್ಯಾನ್ಸರ್ ಅಂತ ಗೊತ್ತಾಯಿತು. ‘ನೀವು ಪ್ಯಾಪ್ ಟೆಸ್ಟ್ ಮಾಡಿಸಿದ್ದೀರಾ?’ ಅಂತ ಆಯಿಯನ್ನು ಕೇಳಿದೆ. ‘ಚೀನಾದಲ್ಲೇ ಎಲ್ಲ ಚೆಕ್ ಆಗಿದೆ, ಮುಟ್ಟೂ ನಿಂತಿದೆ, ಇನ್ನೇನು’ ಅಂದರು. ಅವರ ಮಗಳು ‘ಅಮ್ಮ ಒಪ್ಪಲ್ಲ, ಬಿಡಿ’ ಅನ್ನುತ್ತಾಳೆ. ಅವರಿಗೆ ಈ ಪರೀಕ್ಷೆ ಬೇಕಾ? ಬೇಕಾದರೆ ಬೇಜಾರಾಗದ ಹಾಗೆ ಹೇಗೆ ಹೇಳಲಿ? ಅಥವಾ ಇದು ನನಗೆ ಸಂಬಂಧವಿಲ್ಲದ ವಿಷಯವಾ?

ಉತ್ತರ: ಮೊದಲು ನೇರ ಉತ್ತರ. ಹೌದು, ಬೇಕು. ಗರ್ಭಕೋಶದ ಬಾಯಿಗೆ ಗರ್ಭಕಂಠ ಅನ್ನುತ್ತಾರೆ, ಅಲ್ಲಿಂದ ಒಂದಿಷ್ಟು ಸೆಲ್ಸ್ ತೆಗೆದು ನೋಡುವುದೇ ಪ್ಯಾಪ್ ಟೆಸ್ಟ್. ಗರ್ಭಕೋಶವನ್ನು ಆ ಬಾಯಿ ಸಮೇತ ತೆಗೆಸಿಲ್ಲ ಅಂದರೆ 61ನೇ ವಯಸ್ಸಿನಲ್ಲೂ ಬೇಕು. ಮುಟ್ಟು ನಿಂತಿದ್ದಕ್ಕೂ ಈ ಕ್ಯಾನ್ಸರಿಗೂ ಸಂಬಂಧವಿಲ್ಲ. ಅಮೆರಿಕದಲ್ಲಿ 65 ವರ್ಷದವರೆಗೆ ಮಾಡಿಸಿ ಅನ್ನುತ್ತಾರೆ. ಅದರ ಹಿಂದಿನ ಹತ್ತು ವರ್ಷಗಳಲ್ಲಿ ಪರೀಕ್ಷೆಗಳು ಸರಿಯಾಗಿ ಆಗಿಲ್ಲದಿದ್ದರೆ 65 ದಾಟಿದ ಮೇಲೂ ನಿಲ್ಲಿಸುವ ಹಾಗಿಲ್ಲ.

ಇನ್ನು ನಿಮ್ಮ ಆಯಿಯ ಮಾತು. ‘ಎಲ್ಲ ಚೆಕ್ ಆಗಿದೆ’ ಅಂದಾಗ ಅವರು ಸುಳ್ಳು ಹೇಳಲಿಲ್ಲ, ತಪ್ಪಿಸಿಕೊಳ್ಳಲೂ ಇಲ್ಲ. ನೀವು ಕೇಳಿದ್ದೊಂದು, ಅವರು ಉತ್ತರ ಕೊಟ್ಟಿದ್ದು ಇನ್ನೊಂದಕ್ಕೆ. ಇದೇ ಬಲೆಗೆ ನಾನೂ ಬಿದ್ದಿದ್ದೇನೆ. ಚೈನೀಸ್ ಹೆಂಗಸರು ಜಾಸ್ತಿ ಬರುತ್ತಿದ್ದ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಶುರುವಿನಲ್ಲಿ ಒಬ್ಬ ಪೇಷಂಟನ್ನು ಪ್ರತಿ ಸಲ ಕೇಳುತ್ತಿದ್ದೆ, ‘ಪ್ಯಾಪ್ ಆಗಿದೆಯಾ?’ ಫೋನಿನ ಆ ಕಡೆ ಇಂಟರ್‌ಪ್ರಿಟರ್ ಏನೋ ಹೇಳುವರು, ಈಕೆ ತಲೆಯಾಡಿಸುವರು, ನಾನು ‘ಆಗಿದೆ’ ಅಂತ ಬರೆದುಕೊಳ್ಳುವೆ. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಒಂದು ದಿನ ಸುಮ್ನೆ ‘ಹೇಗೆ ಮಾಡಿದ್ರು?’ ಅಂತ ಕೇಳಿದೆ. ಆಕೆ ಅಂಗೈಯನ್ನು ಹೊಟ್ಟೆಯ ಮೇಲೆ ಗುಂಡಗೆ ಆಡಿಸಿ ತೋರಿಸಿದರು. ಅಲ್ಟ್ರಾಸೌಂಡ್! ಪ್ಯಾಪ್ ಟೆಸ್ಟ್ ಅವರಿಗೆ ಜೀವನದಲ್ಲಿ ಒಂದು ಸಲವೂ ಆಗಿರಲಿಲ್ಲ. ತಪ್ಪು ಪ್ರಶ್ನೆ ಕೇಳಿದ್ದು ನಾನು.

ಅವತ್ತಿನಿಂದ ‘ಆಗಿದೆಯಾ’ ಅಂತ ಕೇಳುವುದನ್ನು ಬಿಟ್ಟೆ. ಯಾವಾಗ, ಎಲ್ಲಿ, ಹೇಗೆ ಮಾಡಿದರು, ರಿಸಲ್ಟ್ ಕಾಗದ ಕೊಟ್ಟರಾ ಅಂತ ಕೇಳುತ್ತೇನೆ. ನೀವೂ ಹಾಗೇ ಕೇಳಿ.

ಯಾವ ಪದದಲ್ಲಿ ಕೇಳುತ್ತೀರಿ ಅನ್ನುವುದೂ ಮುಖ್ಯ. ಪ್ಯಾಪ್ ಅನ್ನುವುದು ಒಬ್ಬ ಡಾಕ್ಟರ ಹೆಸರಿನ ತುಂಡು. 1913ರಲ್ಲಿ ಗ್ರೀಸ್‌ನಿಂದ ಅಮೆರಿಕಕ್ಕೆ ಬಂದ ಜಾರ್ಜ್ ಪಾಪನಿಕೊಲಾವ್ ಅವರದು. (ಅವರ ಹೆಂಡತಿ ಆಂಡ್ರೊಮಾಖಿ ವರ್ಷಗಟ್ಟಲೆ ತಾವೇ ಸ್ಯಾಂಪಲ್ ಕೊಟ್ಟರು. ಪರೀಕ್ಷೆಗೆ ಆಕೆಯ ಹೆಸರು ಬರಲಿಲ್ಲ, ಅದು ಬೇರೆ ಮಾತು.) ಚೀನಾದ ಮುಖ್ಯಭೂಮಿಯಿಂದ (ಹಾಂಗ್‌ಕಾಂಗ್, ತೈವಾನ್ ಬಿಟ್ಟು) ಬಂದವರಿಗೆ ಈ ‘ಪ್ಯಾಪ್’ ಏನೂ ಹೇಳುವುದಿಲ್ಲ. ಅಲ್ಲಿ ಇದೇ ಥರದ ಪರೀಕ್ಷೆಗೆ ‘ಟಿಸಿಟಿ’ ಅನ್ನುತ್ತಾರೆ. ಇಂಗ್ಲಿಷ್ ಬಾರದವರೂ ಆ ಮೂರು ಅಕ್ಷರ ಹೇಳುತ್ತಾರೆ. ‘ಎಚ್‌ಪಿವಿ’ (ಈ ಕ್ಯಾನ್ಸರ್ ತರುವ ವೈರಸ್) ಅನ್ನುವುದೂ ಅಷ್ಟೇ ಪರಿಚಿತ. ಹಾಂಗ್‌ಕಾಂಗ್‌ನವರು ಪಾಪನಿಕೊಲಾವ್ ಹೆಸರನ್ನೇ ಚೈನೀಸ್ ಮಾಡಿಕೊಂಡು ಬಳಸುತ್ತಾರೆ. ತೈವಾನ್‌ನವರ ಕಥೆಯೇ ಬೇರೆ. ಅಲ್ಲಿ 1995ರಿಂದ 30 ದಾಟಿದ ಹೆಂಗಸರಿಗೆ ವರ್ಷಕ್ಕೊಂದು ಪರೀಕ್ಷೆ ಬಿಟ್ಟಿ. ‘ಆರು ನಿಮಿಷ, ಜೀವನವಿಡೀ ರಕ್ಷೆ’ ಅನ್ನುವ ಅರ್ಥದ ಘೋಷಣೆ ಎಲ್ಲರ ಬಾಯಲ್ಲಿತ್ತು. ಆಮೇಲೆ ಅಲ್ಲಿ ಈ ಕ್ಯಾನ್ಸರ್ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಹಾಗಾಗಿ ‘ಚೈನೀಸ್ ಹೆಂಗಸರಿಗೆ ಅರಿವಿಲ್ಲ’ ಅಂತ ಯಾರಾದರೂ ಒಂದೇ ಏಟಿಗೆ ಹೇಳಿದರೆ, ಯಾವ ಊರಿನವರು, ಯಾವ ವಯಸ್ಸಿನವರು ಅಂತ ನಾನು ತಿರುಗಿ ಕೇಳುತ್ತೇನೆ.

ಚೀನಾದ ಹಳ್ಳಿಗಳಲ್ಲಿ 2009ರಿಂದ ಸರ್ಕಾರ ‘ಎರಡು ಕ್ಯಾನ್ಸರ್’ ತಪಾಸಣೆ ಅಂತ ನಡೆಸುತ್ತಿದೆ. ಒಂದು ಗರ್ಭಕಂಠದ್ದು, ಇನ್ನೊಂದು ಸ್ತನದ್ದು. 35 ದಾಟಿದ ಹೆಂಗಸರಿಗೆ ಬಿಟ್ಟಿಯಾಗಿ ಮಾಡುತ್ತಾರೆ. ನಿಮ್ಮ ಆಯಿ ದೊಡ್ಡ ಊರಿನವರು, ಕೆಲಸದ ಕಡೆಯಿಂದ ವರ್ಷದ ಮೆಡಿಕಲ್ ಚೆಕಪ್ ಆಗಿರಬಹುದು. ಅದರಲ್ಲಿ ಟಿಸಿಟಿ ಇತ್ತೋ ಇಲ್ಲವೋ ಅವರನ್ನೇ ಕೇಳಬೇಕು. ಇತ್ತು ಅಂದರೆ ಒಳ್ಳೆಯದು. ಆದರೆ ಎಷ್ಟು ವರ್ಷವಾಯಿತು? ಸೆಲ್ಸ್ ನೋಡುವ ಪರೀಕ್ಷೆ ಮೂರು ವರ್ಷಕ್ಕೆ, ಡಾಕ್ಟರು ಸ್ಯಾಂಪಲ್ ತೆಗೆದ ಎಚ್‌ಪಿವಿ ಪರೀಕ್ಷೆ ಐದು ವರ್ಷಕ್ಕೆ. ಅಷ್ಟೇ ಅವುಗಳ ವಾಯಿದೆ.

ಒಂದು ಮಾತಿಗೆ ಕಿವಿ ತೆರೆದಿಟ್ಟುಕೊಳ್ಳಿ. ಆ್ಯಪ್‌ನಲ್ಲಿ ‘ಗರ್ಭಕಂಠ ಸವೆದಿತ್ತು’ ಅಥವಾ ‘ಕೊಳೆತಿತ್ತು’ ಅಂತ ಏನಾದರೂ ಬರಬಹುದು. ಗಾಬರಿಯಾಗಬೇಡಿ. ಚೀನಾದಲ್ಲಿ ದಶಕಗಳ ಕಾಲ ಸಾವಿರಾರು ಹೆಂಗಸರಿಗೆ ಈ ಹೆಸರಿನ ಕಾಯಿಲೆ ಇದೆ ಅಂತ ಹೇಳಿ ಸುಟ್ಟರು, ಹೆಪ್ಪುಗಟ್ಟಿಸಿದರು, ಔಷಧ ಕೊಟ್ಟರು. ನಿಜ ಹೇಳಬೇಕೆಂದರೆ ಅದು ಕಾಯಿಲೆಯೇ ಅಲ್ಲ. ಗರ್ಭಕಂಠದ ಒಳಗಿನ ಕೆಂಪು ಪದರ ಹಾರ್ಮೋನಿನಿಂದಾಗಿ ಹೊರಗೆ ಕಾಣಿಸುವುದು, ಅಷ್ಟೇ. 2008ರಲ್ಲಿ ಅಲ್ಲಿನ ವೈದ್ಯಕೀಯ ಪಠ್ಯಪುಸ್ತಕವೇ ಆ ಹೆಸರನ್ನು ಕೈಬಿಟ್ಟಿತು. ಆದರೆ ಒಮ್ಮೆ ಟ್ರೀಟ್‌ಮೆಂಟ್ ತೆಗೆದುಕೊಂಡವರ ಮನಸ್ಸಿನಲ್ಲಿ ಲೆಕ್ಕ ಮುಗಿದಿದೆ: ‘ನನಗೆ ಆ ಜಾಗದಲ್ಲಿ ತೊಂದರೆ ಇತ್ತು, ಗುಣವಾಯಿತು, ಇನ್ನು ಕ್ಯಾನ್ಸರ್ ಬರುವುದಿಲ್ಲ.’ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು, ಉಂಗುರದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಯಾಕೆಂದರೆ ‘ಅಮ್ಮ ಒಪ್ಪಲ್ಲ’ ಅನ್ನುವ ಮಗಳಿಗೂ ಇದು ಗೊತ್ತಿರಲಿಕ್ಕಿಲ್ಲ.

ನಮ್ಮ ಕಡೆ ಮಕ್ಕಳಾಗದ ಹಾಗೆ ವಂಕಿ ಹಾಕಿಸುವುದು ಅಂತಾರಲ್ಲ, ಅದೇ. ಚೀನಾದಲ್ಲಿ ಒಂದೇ ಮಗು ನೀತಿ 1980ರ ಹೊತ್ತಿಗೆ ಬಂದು 2015ರ ಕೊನೆಯವರೆಗೂ ಇತ್ತು. ಆ ಕಾಲದಲ್ಲಿ ಹೆರಿಗೆಯಾದ ಮೇಲೆ ಕೋಟ್ಯಂತರ ಹೆಂಗಸರಿಗೆ ಗರ್ಭಕೋಶದೊಳಗೆ ಉಂಗುರ ಹಾಕಿದರು. ಬಹಳ ಜನಕ್ಕೆ ಅದು ಅವರ ಆಯ್ಕೆಯಾಗಿರಲಿಲ್ಲ. ಹಳೆಯ ಉಂಗುರಗಳು ಸ್ಟೀಲಿನವು. ಎಳೆದು ತೆಗೆಯಲು ದಾರವೂ ಇರಲಿಲ್ಲ. ಉಂಗುರ ಅಲ್ಲೇ ಇದೆಯಾ ಅಂತ ಆಗಾಗ ಸಾಲಾಗಿ ನಿಲ್ಲಿಸಿ ಎಕ್ಸ್‌ರೇ ಅಥವಾ ಅಲ್ಟ್ರಾಸೌಂಡ್ ಮಾಡುತ್ತಿದ್ದರು. ನಿಮ್ಮ ಆಯಿಗೆ ಈಗ 61. ಅಂದರೆ ಮಗು ಹೆತ್ತಿದ್ದು ಸರಿಯಾಗಿ ಆ ಕಾಲದಲ್ಲಿ. ‘ಕೆಳಗೆ ಚೆಕ್ ಮಾಡುವುದು’ ಅಂದರೆ ಅವರ ತಲೆಮಾರಿಗೆ ಆರೋಗ್ಯದ ನೆನಪಲ್ಲ, ಹಾಜರಿ ಹಾಕಿಸಿಕೊಂಡ ನೆನಪು. ಬಾಗಿಲು ಅರ್ಧ ತೆರೆದಿರುತ್ತಿತ್ತು, ಮುಂದಿನ ಪೇಷಂಟ್ ಒಳಗೇ ನಿಂತಿರುತ್ತಿದ್ದಳು ಅಂತ ನನ್ನ ಪೇಷಂಟುಗಳು ಹೇಳುತ್ತಿದ್ದರು. ಅಂಥವರಿಗೆ ‘ಅರಿವು ಮೂಡಿಸುವ’ ಕರಪತ್ರ ಕೊಟ್ಟು ಕಳಿಸಿದರೆ ಏನು ಪ್ರಯೋಜನ?

ಉಂಗುರ ಇನ್ನೂ ಒಳಗೇ ಇದೆಯಾ ಅಂತಲೂ ಸಮಯ ನೋಡಿ ಕೇಳಿ. ಮುಟ್ಟು ನಿಂತ ಎಷ್ಟೋ ವರ್ಷಗಳ ಮೇಲೆ, ಸೊಂಟ ನೋವು ಅಂತ ತೆಗೆದ ಎಕ್ಸ್‌ರೇಯಲ್ಲಿ ದುಂಡಗೆ ಬಳೆಯ ಹಾಗೆ ಹೊಳೆಯುವ ಉಂಗುರವನ್ನು ನಾನೇ ನೋಡಿದ್ದೇನೆ. ಆಕೆ ಅದನ್ನು ಮರೆತೇ ಬಿಟ್ಟಿದ್ದರು. ಇದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು, ತೆಗೆಸುವ ಬಗ್ಗೆಯೂ ಮಾತಾಡಬೇಕು.

ಈಗ ಕಾಯಿಲೆಯ ಬಗ್ಗೆ ನಾಲ್ಕು ಮಾತು. ಅನುವಾದದ ಆ್ಯಪ್‌ಗೆ ಹಾಕಲು ನಿಮಗೆ ಬೇಕಾಗುತ್ತದೆ. ಗರ್ಭಕಂಠದ ಕ್ಯಾನ್ಸರ್ ಹೆಚ್ಚುಕಡಿಮೆ ಎಲ್ಲವೂ ಬರುವುದು ಎಚ್‌ಪಿವಿ ಅನ್ನುವ ವೈರಸ್‌ನಿಂದ. ಹತ್ತಾರು ಬಗೆಯ ಎಚ್‌ಪಿವಿಗಳಲ್ಲಿ 16 ಮತ್ತು 18 ಅನ್ನುವ ಎರಡೇ ಸುಮಾರು 70 ಶೇಕಡಾ ಕ್ಯಾನ್ಸರಿಗೆ ಕಾರಣ. ಇದನ್ನು ಕಂಡುಹಿಡಿದ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಬಹುತೇಕ ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ತಗಲುತ್ತದೆ, ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಮಾತ್ರ ಬೇರೂರಿ ಕೂರುತ್ತದೆ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. 61ರಲ್ಲಿ ಕಾಣಿಸುವ ಕಾಯಿಲೆಯ ಬೀಜ 40ರಲ್ಲಿ ಬಿದ್ದಿರಬಹುದು. ಅಷ್ಟು ವರ್ಷ ನೋವಿಲ್ಲ, ಜ್ವರವಿಲ್ಲ, ಏನೂ ಇಲ್ಲ. ‘ಏನೂ ಆಗಿಲ್ಲವಲ್ಲ, ಡಾಕ್ಟರ ಹತ್ತಿರ ಯಾಕೆ’ ಅನ್ನುವ ಮಾತು ಸೋಲುವುದು ಇಲ್ಲೇ. ಆ ಮಾತು ಚೈನೀಸ್ ಹಿರಿಯರದ್ದು ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ನನಗಂತೂ ನಮ್ಮ ಅಮ್ಮನ ದನಿಯಲ್ಲೇ ಕೇಳಿಸುತ್ತದೆ!

ಸಂಪರ್ಕದಿಂದ ಹರಡುತ್ತದೆ ಅನ್ನುವುದನ್ನು ಮೊದಲ ದಿನವೇ ಹೇಳಬೇಡಿ. ಇದು ನನ್ನ ಅಭಿಪ್ರಾಯ, ಎಲ್ಲ ಡಾಕ್ಟರೂ ಒಪ್ಪಲಿಕ್ಕಿಲ್ಲ. ‘ನಾನು ಅಂಥವಳಾ?’ ಅಂತ ಒಳಗೊಳಗೇ ನೊಂದುಕೊಂಡು ಮತ್ತೆ ಬಾರದೇ ಹೋದವರನ್ನು ನೋಡಿದ್ದೇನೆ. ಅವರಾಗಿ ಕೇಳಿದರೆ ಮಾತ್ರ ನಿಜವನ್ನೇ ಹೇಳಿ. ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಬರಬಹುದು, ಇದು ನೆಗಡಿಯಷ್ಟೇ ಸಾಮಾನ್ಯವಾದ ವೈರಸ್, ಇಪ್ಪತ್ತು ವರ್ಷದ ಹಿಂದಿನದೂ ಇರಬಹುದು, ಯಾರಿಂದ ಅಂತ ಹುಡುಕಿ ಪ್ರಯೋಜನವಿಲ್ಲ.

ಹಾಗಾದರೆ ಮಾತು ಎಲ್ಲಿಂದ ಶುರು ಮಾಡುವುದು? ಗ್ವಾಂಗ್‌ಝೌದವರು ಅಂದಿರಲ್ಲ, ಅದು ಅನುಕೂಲವಾಯಿತು. ಆ ವಯಸ್ಸಿನ, ಕ್ಯಾಂಟೊನೀಸ್ (ಗ್ವಾಂಗ್‌ಝೌ, ಹಾಂಗ್‌ಕಾಂಗ್ ಕಡೆಯ ಚೈನೀಸ್) ಮಾತಾಡುವವರಿಗೆ ಅನಿತಾ ಮುಯಿ ಯಾರೆಂದು ಹೇಳಿಕೊಡಬೇಕಾಗಿಲ್ಲ. ಹಾಂಗ್‌ಕಾಂಗ್‌ನ ದೊಡ್ಡ ಗಾಯಕಿ, ನಟಿ. 2003ರ ಡಿಸೆಂಬರ್ 30ರಂದು, 40ನೇ ವಯಸ್ಸಿನಲ್ಲಿ, ಇದೇ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಅಕ್ಕನೂ ಮೂರು ವರ್ಷ ಮೊದಲು ಇದೇ ಕಾಯಿಲೆಯಿಂದ ಹೋಗಿದ್ದರು. ಮುಂದಿನ ವರ್ಷ ಹಾಂಗ್‌ಕಾಂಗ್ ಸರ್ಕಾರ ಪರೀಕ್ಷೆಯ ಕಾರ್ಯಕ್ರಮ ಶುರು ಮಾಡಿತು. ವಾಕಿಂಗ್‌ನಲ್ಲಿ ಫೋನಿನಲ್ಲಿ ಅನಿತಾ ಮುಯಿಯ ಒಂದು ಹಾಡು ಹಾಕಿ, ‘ಇವರು ನಿಮಗೆ ಗೊತ್ತಾ?’ ಅಂತ ಕೇಳಿ. ಮುಂದಿನದನ್ನು ಅವರೇ ಹೇಳಬಹುದು.

‘ಕ್ಯಾನ್ಸರ್’ ಪದವನ್ನು ಜಾಸ್ತಿ ಬಳಸಬೇಡಿ. ನಮ್ಮಲ್ಲೂ ‘ಆ ಕಾಯಿಲೆ’ ಅಂತ ದನಿ ತಗ್ಗಿಸುತ್ತಾರಲ್ಲ, ಹಾಗೇ. ಮಜಾ ಏನೆಂದರೆ, ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಕ್ಯಾನ್ಸರ್‌ಗೂ ಉರಿಯೂತಕ್ಕೂ ಹಿಂದೆ ಒಂದೇ ಉಚ್ಚಾರ ಇತ್ತು, ಎರಡೂ ‘ಯೆನ್’. ಡಾಕ್ಟರು ಹೇಳಿದ್ದು ಯಾವುದು ಅಂತ ಗೊಂದಲವಾಗುತ್ತಿತ್ತು. ಅದಕ್ಕೇ ಕಳೆದ ಶತಮಾನದ ನಡುವಿನಲ್ಲಿ ಕ್ಯಾನ್ಸರಿನ ಉಚ್ಚಾರವನ್ನು ‘ಐ’ ಅಂತ ಬದಲಾಯಿಸಿದರು. ಇನ್ನು ಗರ್ಭಕೋಶಕ್ಕೆ ಅವರ ಪದ ‘ಮಗುವಿನ ಅರಮನೆ’. ಗರ್ಭಕಂಠ ಅಂದರೆ ಅರಮನೆಯ ಕುತ್ತಿಗೆ. ‘ಅರಮನೆಯ ಬಾಗಿಲು ಒಮ್ಮೆ ನೋಡಿಸಿ ಬರೋಣ’ ಅಂತ ನಾನು ಅಂದಾಗ ಎಷ್ಟೋ ಜನ ನಕ್ಕಿದ್ದಾರೆ. ನಕ್ಕ ಮೇಲೆ ಮಾತು ಸುಲಭ.

ನಿಮ್ಮ ಕೊನೆಯ ಪ್ರಶ್ನೆ: ಇದು ನಿಮಗೆ ಸಂಬಂಧಪಟ್ಟದ್ದಾ? ಇದಕ್ಕೆ ನನ್ನ ಬಳಿ ಗಟ್ಟಿ ಉತ್ತರವಿದೆ. ಅಮೆರಿಕದ ಸಿಯಾಟಲ್ ಮತ್ತು ಕೆನಡಾದ ವ್ಯಾಂಕೂವರ್‌ನಲ್ಲಿ ಪರೀಕ್ಷೆಯಲ್ಲಿ ಹಿಂದುಳಿದಿದ್ದ ಚೈನೀಸ್ ಹೆಂಗಸರನ್ನು ಮೂರು ಗುಂಪು ಮಾಡಿ ಒಂದು ಅಧ್ಯಯನ ನಡೆಸಿದರು. 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮನೆಗೆ ಅವರದೇ ಭಾಷೆಯ ಹೆಂಗಸು ಹೋಗಿ ಕೂತು ಮಾತಾಡಿ, ವಿಡಿಯೋ ಕೊಟ್ಟು, ಅಪಾಯಿಂಟ್‌ಮೆಂಟ್, ಓಡಾಟದಂಥ ತೊಡಕುಗಳಿಗೆ ನೆರವಾದಳು. ಎರಡನೇ ಗುಂಪಿಗೆ ಅದೇ ಸಾಮಗ್ರಿ ಪೋಸ್ಟ್‌ನಲ್ಲಿ ಹೋಯಿತು. ಮೂರನೆಯವರಿಗೆ ಎಂದಿನಂತೆ. ಆಮೇಲೆ ಪ್ಯಾಪ್ ಮಾಡಿಸಿಕೊಂಡವರು ಮೊದಲ ಗುಂಪಿನಲ್ಲಿ 39 ಶೇಕಡಾ, ಎರಡನೆಯದರಲ್ಲಿ 25, ಮೂರನೆಯದರಲ್ಲಿ 15. ಮನೆಗೆ ಬಂದು ಕೂತ ಒಬ್ಬ ಹೆಂಗಸಿನ ಬೆಲೆ ಅದು. ನಿಮಗೆ ಅವರ ಭಾಷೆ ಬಾರದಿದ್ದರೂ ದಿನಾ ಜೊತೆಗೆ ನಡೆಯುವವರು ನೀವೇ ಅಲ್ವಾ?

ಆದರೆ ಕ್ಲಿನಿಕ್‌ನಲ್ಲಿ ನೀವಾಗಲೀ ಮಗಳಾಗಲೀ ಅನುವಾದ ಮಾಡಬೇಡಿ. ಮಗಳ ಎದುರು ತಾಯಿ ರಕ್ತಸ್ರಾವದ ಮಾತು ನುಂಗುತ್ತಾಳೆ, ಗಂಡನ ಮಾತಂತೂ ಎತ್ತುವುದೇ ಇಲ್ಲ. ಸರ್ಕಾರದ ದುಡ್ಡು ಪಡೆಯುವ ಕ್ಲಿನಿಕ್‌ಗಳು ಇಂಟರ್‌ಪ್ರಿಟರನ್ನು ಬಿಟ್ಟಿಯಾಗಿ ಕೊಡಲೇಬೇಕು, ಅದು 1964ರ ನಾಗರಿಕ ಹಕ್ಕು ಕಾಯ್ದೆಯಿಂದ ಬಂದದ್ದು. ಅಪಾಯಿಂಟ್‌ಮೆಂಟ್ ತೆಗೆಯುವಾಗಲೇ ‘ಕ್ಯಾಂಟೊನೀಸ್, ಹೆಂಗಸು’ ಅಂತ ಎರಡೂ ಹೇಳಿ. ‘ಚೈನೀಸ್ ಇಂಟರ್‌ಪ್ರಿಟರ್’ ಅಂದರೆ ಮ್ಯಾಂಡರಿನ್‌ನವರು ಬರಬಹುದು. ಧಾರವಾಡದ ಅಜ್ಜಿಗೆ ‘ಇಂಡಿಯನ್ ಇಂಟರ್‌ಪ್ರಿಟರ್’ ಅಂತ ಹಿಂದಿಯವರನ್ನು ಕೂರಿಸಿದ ಹಾಗೆ. ಕಾಗದ ಕೊಡುವಾಗಲೂ ನೋಡಿ: ಗ್ವಾಂಗ್‌ಝೌದವರಿಗೆ ಸರಳ ಲಿಪಿ ಬೇಕು, ಹಾಂಗ್‌ಕಾಂಗ್-ತೈವಾನ್‌ನವರಿಗೆ ಹಳೆಯ ಲಿಪಿ. ಹೆಸರಿನ ಬಗ್ಗೆಯೂ ಹುಷಾರು. ಅವರಲ್ಲಿ ಮನೆತನದ ಹೆಸರು ಮೊದಲು. ಇಲ್ಲಿನ ಕಂಪ್ಯೂಟರ್‌ನಲ್ಲಿ ಅದು ಹಿಂದು-ಮುಂದಾಗಿ ಒಬ್ಬರೇ ಇಬ್ಬರಾದ, ಒಬ್ಬರ ರಿಸಲ್ಟ್ ಇನ್ನೊಂದು ಫೈಲಿನಲ್ಲಿ ಕೂತ ಉದಾಹರಣೆ ನನ್ನ ಕಣ್ಣೆದುರೇ ಆಗಿದೆ.

ಖರ್ಚಿನ ವಿಷಯ. ಇನ್ಶೂರೆನ್ಸ್ ಇದ್ದರೆ ಸಾಮಾನ್ಯವಾಗಿ ಈ ಪರೀಕ್ಷೆಗೆ ಕೈಯಿಂದ ಕೊಡಬೇಕಾಗಿಲ್ಲ. ಮುಂದಿನ ಪರೀಕ್ಷೆಗಳಿಗೆ ಬಿಲ್ ಬರಬಹುದು, ಮೊದಲೇ ಕೇಳಿಕೊಳ್ಳಿ. ಇನ್ಶೂರೆನ್ಸ್ ಇಲ್ಲದೆ ಆದಾಯ ಕಡಿಮೆ ಇದ್ದರೆ ಕ್ಯಾಲಿಫೋರ್ನಿಯಾದಲ್ಲಿ ‘ಎವೆರಿ ವುಮನ್ ಕೌಂಟ್ಸ್’ ಅನ್ನುವ ಯೋಜನೆ ಇದೆ. ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಆದಾಯ ನೋಡಿ ಶುಲ್ಕ ಹಾಕುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ ಚೈನೀಸ್ ಆಸ್ಪತ್ರೆಯೇ ಇದೆ. 1925ರಿಂದ ನಡೆಯುತ್ತಿದೆ, ಬ್ರೂಸ್ ಲೀ ಹುಟ್ಟಿದ್ದು ಅಲ್ಲೇ.

ಇಷ್ಟೆಲ್ಲ ಹೇಳಿದ ಮೇಲೂ ಆಯಿ ‘ಕಾಲು ಅಗಲಿಸಿ ಮಲಗುವುದಿಲ್ಲ’ ಅನ್ನಬಹುದು. ಅದಕ್ಕೂ ಈಗ ದಾರಿಯಿದೆ. ಸ್ಯಾಂಪಲನ್ನು ಅವರೇ ತೆಗೆದುಕೊಳ್ಳಬಹುದು. ಕಿವಿಗೆ ಹಾಕುವ ಬಡ್ಸ್‌ನ ಉದ್ದದ ಅಕ್ಕನ ಹಾಗಿರುವ ಮೃದುವಾದ ಕಡ್ಡಿ. ಬಾತ್‌ರೂಮಿಗೆ ಹೋಗಿ, ಯೋನಿಯೊಳಗೆ ಕೆಲವು ಸೆಂಟಿಮೀಟರ್ ಹಾಕಿ, ಸ್ವಲ್ಪ ಹೊತ್ತು ತಿರುಗಿಸಿ, ತೆಗೆದು ಕೊಳವೆಯಲ್ಲಿ ಇಡುವುದು. ಗರ್ಭಕಂಠಕ್ಕೆ ಮುಟ್ಟಲೇಬೇಕೆಂದಿಲ್ಲ. ಇದರಲ್ಲಿ ಎಚ್‌ಪಿವಿ ಇದೆಯಾ ಅಂತ ನೋಡುತ್ತಾರೆ. ವೈರಸ್‌ನ ಜೀನ್ ಹುಡುಕುವ ಈಗಿನ ಪಿಸಿಆರ್ ಪರೀಕ್ಷೆಯಲ್ಲಿ ಡಾಕ್ಟರು ತೆಗೆದ ಸ್ಯಾಂಪಲ್‌ಗೂ ಇದಕ್ಕೂ ಅಂಥ ವ್ಯತ್ಯಾಸ ಬರುವುದಿಲ್ಲ. ಆಸ್ಟ್ರೇಲಿಯಾ 2022ರ ಜುಲೈಯಿಂದ ಎಲ್ಲರಿಗೂ ಈ ಆಯ್ಕೆ ಕೊಟ್ಟಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ 2024ರ ಜನವರಿಯಿಂದ ಮನೆಗೇ ಕಿಟ್ ಕಳಿಸುತ್ತಿದೆ. ಆ ಪ್ರಾಂತ್ಯದ ರಿಚ್ಮಂಡ್ ಊರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಚೈನೀಸ್ ಮೂಲದವರು. ಅಮೆರಿಕದಲ್ಲಿ 2024ರ ಮೇನಲ್ಲಿ ಕ್ಲಿನಿಕ್‌ನೊಳಗೆ ತೆಗೆದುಕೊಳ್ಳಲು, 2025ರ ಮೇನಲ್ಲಿ ಮನೆಯಲ್ಲೇ ತೆಗೆದುಕೊಳ್ಳುವ ಒಂದು ಸಾಧನಕ್ಕೆ ಒಪ್ಪಿಗೆ ಸಿಕ್ಕಿತು. ನನ್ನ ಕೆಲಸದ ಅವಧಿಯಲ್ಲಿ ವಲಸೆ ಬಂದ ಹಿರಿಯ ಹೆಂಗಸರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಬಂದಿಲ್ಲ.

ಎರಡು ಷರತ್ತು. ಸ್ವಂತ ಸ್ಯಾಂಪಲ್‌ನಲ್ಲಿ ಏನೂ ಇಲ್ಲ ಅಂತ ಬಂದರೆ ಇಲ್ಲಿ ಮೂರು ವರ್ಷಕ್ಕೆ ಮತ್ತೆ ಮಾಡಿಸಿ ಅನ್ನುತ್ತಾರೆ. ವೈರಸ್ ಇದೆ ಅಂತ ಬಂದರೆ ಆಗ ಡಾಕ್ಟರ ಹತ್ತಿರ ಹೋಗಲೇಬೇಕು. ವೈರಸ್ ಇದೆ ಅಂದರೆ ಕ್ಯಾನ್ಸರ್ ಇದೆ ಅಂತಲ್ಲ. ಇದನ್ನು ಟೆಸ್ಟ್‌ಗೆ ಮೊದಲೇ ಹೇಳಿಡಿ, ರಿಸಲ್ಟ್ ಬಂದ ಮೇಲೆ ಹೇಳಿದರೆ ಕಿವಿಗೆ ಹೋಗುವುದಿಲ್ಲ. ಮುಂದಿನ ಹೆಜ್ಜೆ ಕಾಲ್ಪಾಸ್ಕೋಪಿ. ಗರ್ಭಕಂಠಕ್ಕೆ ತೆಳುವಾದ ವಿನೆಗರ್ ಹಚ್ಚುತ್ತಾರೆ, ಅನುಮಾನವಿರುವ ಜಾಗ ಬೆಳ್ಳಗಾಗುತ್ತದೆ, ಭೂತಗನ್ನಡಿಯಂಥ ಯಂತ್ರದಲ್ಲಿ ನೋಡಿ ಬೇಕಿದ್ದರೆ ಚೂರು ತೆಗೆಯುತ್ತಾರೆ. ಕ್ಯಾನ್ಸರಿನ ಮುಂಚಿನ ಹಂತದಲ್ಲೇ ಸಿಕ್ಕರೆ ಸಣ್ಣ ಚಿಕಿತ್ಸೆಯಲ್ಲಿ ಮುಗಿಯುತ್ತದೆ, ಸಾಮಾನ್ಯವಾಗಿ ಅವತ್ತೇ ಮನೆಗೆ.

ಡಾಕ್ಟರೇ ನೋಡುವುದಾದರೆ ಆಯಿ ಕೇಳಬಹುದಾದ್ದು ಬಹಳ ಇದೆ, ಅವರಿಗೆ ಗೊತ್ತಿರುವುದಿಲ್ಲ ಅಷ್ಟೇ. ಲೇಡಿ ಡಾಕ್ಟರ್ ಬೇಕು ಅನ್ನಬಹುದು. ಮುಟ್ಟು ನಿಂತವರಿಗೆ ಒಳಗೆ ಒಣಗಿರುತ್ತದೆ, ಹಾಗಾಗಿ ಚಿಕ್ಕ ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ನೋಡುವ ಸಾಧನ) ಬೇಕು ಅನ್ನಬಹುದು. ಲೋಹದ್ದಾದರೆ ನಲ್ಲಿಯ ಬಿಸಿನೀರಿನಲ್ಲಿ ಹಿಡಿದು ತಣ್ಣಗಿಲ್ಲದ ಹಾಗೆ ಮಾಡಲು ಹೇಳಬಹುದು. ಬೇಕಾದರೆ ತಾವೇ ಹಾಕಿಕೊಳ್ಳಬಹುದು. ‘ನಿಲ್ಲಿಸಿ’ ಅಂದರೆ ನಿಲ್ಲಿಸಬೇಕು. ಆ ಒಂದು ಪದದ ಇಂಗ್ಲಿಷ್ ಅವರಿಗೆ ಕಲಿಸಿಕೊಡಿ. ಯಾವತ್ತೋ ಯಾರೂ ಕೇಳದೆ ಉಂಗುರ ಹಾಕಿದ್ದ ಮೈಗೆ ಆ ಪದ ಬೇಕು.

ಒಂದು ಅಪಾಯದ ಸೂಚನೆ ಮಾತ್ರ ನೆನಪಿಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ಇಲ್ಲವೇ ವಾಸನೆಯ ಬಿಳಿಸೆರಗು ಹೋಗುತ್ತಿದ್ದರೂ ಕಿಟ್‌ಗೆ ಕಾಯಬೇಡಿ. ಅದು ಸ್ಕ್ರೀನಿಂಗ್‌ನ (ಲಕ್ಷಣವಿಲ್ಲದವರಿಗೆ ಮಾಡುವ ತಪಾಸಣೆಯ) ವಿಷಯವಲ್ಲ, ಕಾಯಿಲೆಯ ಲಕ್ಷಣ. ಅದೇ ವಾರ ಡಾಕ್ಟರಿಗೆ ತೋರಿಸಬೇಕು. ಚೈನೀಸ್ ಕಷಾಯ ಕುಡಿಯುತ್ತಿದ್ದರೆ ‘ಬಿಡಿ’ ಅನ್ನಬೇಡಿ, ಜಗಳ ಅಲ್ಲೇ ಶುರುವಾಗುತ್ತದೆ. ಕುಡಿಯುತ್ತಿರುವುದನ್ನು ಡಾಕ್ಟರಿಗೆ ತಿಳಿಸಿದರೆ ಸಾಕು.

ಮೊಮ್ಮಗಳು ಇದ್ದರೆ ಲಸಿಕೆಯ ಮಾತೂ ಬರುತ್ತದೆ. ಇಲ್ಲಿ 11-12ನೇ ವಯಸ್ಸಿಗೆ ಹಾಕಿಸುತ್ತಾರೆ. ಚೀನಾದಲ್ಲಿ ಮೊದಲ ಎಚ್‌ಪಿವಿ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದೇ 2016ರಲ್ಲಿ, ಅದಕ್ಕೂ ಮುಂಚೆ ಮತ್ತು ಆಮೇಲೂ ಎಷ್ಟೋ ಹುಡುಗಿಯರು ಹಾಂಗ್‌ಕಾಂಗ್‌ಗೆ ಹೋಗಿ ಹಾಕಿಸಿಕೊಂಡು ಬರುತ್ತಿದ್ದರು. ಆಯಿಯ ಮಗಳೂ ಅವರಲ್ಲಿ ಒಬ್ಬಳಿರಬಹುದು. ಲಸಿಕೆ ಆಗಿದ್ದರೂ ಆಕೆಗೆ ಪರೀಕ್ಷೆ ತಪ್ಪಿದ್ದಲ್ಲ. ‘ಅಮ್ಮ ಒಪ್ಪಲ್ಲ’ ಅನ್ನುವ ಮಗಳು ತಾನು ಯಾವಾಗ ಮಾಡಿಸಿದ್ದಾಳೆ ಅಂತ ಕೇಳಿ ನೋಡಿ.

ಹಾಗೆಯೇ, ತಪ್ಪು ತಿಳಿಯಬೇಡಿ, ನೀವು? ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ, 30ರಿಂದ 49 ವರ್ಷದ ನೂರು ಹೆಂಗಸರಲ್ಲಿ ಈ ಪರೀಕ್ಷೆ ಒಮ್ಮೆಯಾದರೂ ಮಾಡಿಸಿದವರು ಇಬ್ಬರೂ ಇರಲಿಲ್ಲ. ನಿಮ್ಮ ಪತ್ರದಲ್ಲಿ ಆಯಿಯ ಬಗ್ಗೆ ಎಲ್ಲ ಇದೆ, ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮದೂ ಬಾಕಿ ಇದ್ದರೆ ಒಳ್ಳೆಯದೇ ಆಯಿತು. ಒಂದೇ ದಿನ, ಒಂದರ ಹಿಂದೆ ಒಂದು ಎರಡು ಅಪಾಯಿಂಟ್‌ಮೆಂಟ್ ತೆಗೆಯಿರಿ. ‘ನನಗೆ ಒಬ್ಬಳೇ ಹೋಗಲು ಭಯ, ನೀವು ಜೊತೆಗೆ ಬನ್ನಿ’ ಅಂತ ಆಯಿಯನ್ನೇ ಕರೆಯಿರಿ. ಮೊದಲು ನೀವು ಒಳಗೆ ಹೋಗಿ ಬನ್ನಿ. ಹೋಗುವಾಗ ಒಂದು ಫ್ಲಾಸ್ಕ್‌ನಲ್ಲಿ ಬಿಸಿನೀರು ಇಟ್ಟುಕೊಳ್ಳಿ. ಕ್ಲಿನಿಕ್‌ನಲ್ಲಿ ಕುಡಿಯಲು ಐಸ್ ಹಾಕಿದ ನೀರು ಕೊಡುತ್ತಾರೆ, ಆಯಿ ಅದನ್ನು ಮುಟ್ಟುವುದಿಲ್ಲ.